ಚಾಕುವಿನ ಕೀಲು

ಮಡಿಸುವ ಚಾಕು ಕೊಳ್ಳಹೋದವರಿಗೆ ಅಂಗಡಿಯವನು ಮೊದಲು ತೋರಿಸುವುದು ಅದರ ಅಲಗನ್ನು. ಕಾಗದದ ಹಾಳೆಯೊಂದನ್ನು ಎತ್ತಿ ಹಿಡಿದು ಸರ್ರನೆ ಸೀಳುತ್ತಾನೆ. ಉಕ್ಕಿನ ಹೊಳಪನ್ನು ಹೊಗಳುತ್ತಾನೆ. ಕೊಳ್ಳುವವರೂ ಹೆಬ್ಬೆರಳನ್ನು ಹರಿತಕ್ಕೆ ಅಡ್ಡಲಾಗಿ ಮೆಲ್ಲಗೆ ಆಡಿಸಿ ತಲೆದೂಗುತ್ತಾರೆ. ಆದರೆ ಅಲಗು ಅಡುಗೆಮನೆಯ ಚಾಕುವಿಗೂ ಉಂಟು. ದಿನವೂ ಕಿಸೆಯಲ್ಲಿಟ್ಟು ತಿರುಗುವ ಚಾಕುವಿಗೆ ವಿಶೇಷವಾದುದು ಅದರ ಕೀಲು. ಅಲಗು ಹಿಡಿಯೊಳಕ್ಕೆ ಹೇಗೆ ಮಡಿಯುತ್ತದೆ? ತೆರೆದಾಗ ಯಾವುದರ ಬಲದಿಂದ ನಿಲ್ಲುತ್ತದೆ? ಈ ಪ್ರಶ್ನೆಗೆ ಮನುಷ್ಯರು ಎರಡೂವರೆ ಸಾವಿರ ವರ್ಷಗಳಿಂದ ಉತ್ತರ ಹುಡುಕುತ್ತ ಬಂದಿದ್ದಾರೆ. ಆ ಉತ್ತರಗಳನ್ನು ಬಲ್ಲವರಿಗೆ ಆಯ್ಕೆ ಕಷ್ಟವಲ್ಲ. ಇಷ್ಟು ಪುಟ್ಟ ವಸ್ತುವನ್ನು ಸರ್ಕಾರಗಳು ಏಕೆ ಸಂಶಯದಿಂದ ನೋಡುತ್ತವೆ ಎಂಬುದೂ ಆಗ ತಿಳಿದೀತು.

ಆಸ್ಟ್ರಿಯಾ ದೇಶದ ಹಾಲ್‌ಸ್ಟಾಟ್ ಎಂಬಲ್ಲಿ ಉಪ್ಪಿನ ಗಣಿಗಳಿವೆ. ಅಲ್ಲಿ ಕ್ರಿಸ್ತಪೂರ್ವ 6ನೇ ಶತಮಾನದ ಸುಮಾರಿನ, ಮೂಳೆಯ ಹಿಡಿಯುಳ್ಳ ಮಡಿಸುವ ಚಾಕು ದೊರೆತಿದೆ. ರೋಮನರ ಕಾಲಕ್ಕೆ ಬರುವಾಗ ಇದು ವಿಲಾಸದ ವಸ್ತುವೂ ಆಯಿತು. ಕೇಂಬ್ರಿಜ್ಜಿನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ಕ್ರಿಸ್ತಶಕ 3ನೇ ಶತಮಾನದ್ದೆಂದು ಗುರುತಿಸಿರುವ ಬೆಳ್ಳಿಯ ಉಪಕರಣವೊಂದಿದೆ. ಕಬ್ಬಿಣದ ಅಲಗು, ಚಮಚ, ಮುಳ್ಳುಚಮಚ, ಮೊನೆಕಡ್ಡಿ ಎಲ್ಲವೂ ಒಂದೇ ಹಿಡಿಯೊಳಗೆ ಮಡಿದು ಕೂರುತ್ತವೆ. ಪ್ರಯಾಣ ಹೊರಟ ಶ್ರೀಮಂತನೊಬ್ಬನ ಊಟದ ಸರಂಜಾಮು ಇದ್ದೀತು. ಈ ಹಳೆಯ ಚಾಕುಗಳ ಕೀಲು ಬಹು ಸರಳ. ಒಂದು ಮೊಳೆ, ಅದರ ಸುತ್ತ ತಿರುಗುವ ಅಲಗು, ಎರಡರ ನಡುವಿನ ಬಿಗಿ. ಬಿಗಿ ಸಡಿಲವಾದರೆ ಅಲಗು ಬೆರಳ ಮೇಲೆಯೇ ಮಡಿಯುತ್ತದೆ. ಚಾಕು ಹಿಡಿದವನ ಎಚ್ಚರವೇ ಅದರ ರಕ್ಷೆ.

ಮಡಿಸಬೇಕೆಂಬ ಆಸೆಯಾದರೂ ಏಕೆ ಹುಟ್ಟಿತು? ಒರೆಯಲ್ಲಿಟ್ಟ ಚಾಕು ಸೊಂಟದಲ್ಲಿ ಎಲ್ಲರ ಕಣ್ಣಿಗೂ ಕಾಣುತ್ತದೆ. 14ನೇ ಶತಮಾನದ ಆಂಗ್ಲಕವಿ ಚಾಸರ್‌ನ ಕ್ಯಾಂಟರ್‌ಬರಿ ಕಥೆಗಳಲ್ಲಿ ಬರುವ ಜಗಳಗಂಟ ಗಿರಣಿಗಾರನ ಕಾಲುಚೀಲದಲ್ಲಿ ಷೆಫೀಲ್ಡಿನ ಚಾಕು ಇರುತ್ತದೆ. ಅದನ್ನು ಕಂಡೇ ಜನ ಅವನ ತಂಟೆಗೆ ಹೋಗುವುದಿಲ್ಲ. ಮಡಿಸುವ ಚಾಕುವಿನ ಸ್ವಭಾವ ಇದಕ್ಕೆ ತೀರ ಭಿನ್ನವಾದುದು. ಅದು ಯಾರನ್ನೂ ಹೆದರಿಸುವುದಿಲ್ಲ. ಕೆಲಸ ಬಿದ್ದಾಗ ಹೊರಗೆ ಬಂದು, ಮುಗಿದೊಡನೆ ಒಳಗೆ ಸರಿಯುತ್ತದೆ. ಅಂತಹ ಕೆಲಸಗಳಲ್ಲಿ ಒಂದು ಬರವಣಿಗೆ ಎಂಬುದು ಸಾಹಿತ್ಯಾಸಕ್ತರಿಗೆ ಸ್ವಾರಸ್ಯವೆನಿಸಬಹುದು. ಬಾತಿನ ಗರಿಯ ಲೇಖನಿಯ ಮೊನೆ ಬರೆದಂತೆಲ್ಲ ಮೊಂಡಾಗುವುದರಿಂದ ಅದನ್ನು ಮತ್ತೆ ಮತ್ತೆ ಕತ್ತರಿಸಿ ತಿದ್ದಬೇಕಾಗಿತ್ತು. ಅದಕ್ಕೆಂದು ಬಳಕೆಯಲ್ಲಿದ್ದ ಸಣ್ಣ ಚಾಕುವೇ 'ಪೆನ್‌ನೈಫ್'. 19ನೇ ಶತಮಾನದಲ್ಲಿ ಉಕ್ಕಿನ ನಿಬ್ಬು ಬಂದು ಗರಿ ಮೂಲೆ ಸೇರಿತು. ಚಾಕುವಿಗೆ ಮಾತ್ರ ಲೇಖನಿಯ ಹೆಸರು ಇಂದಿಗೂ ಅಂಟಿಕೊಂಡಿದೆ. ನಮ್ಮ ದಕ್ಷಿಣದಲ್ಲಿಯೂ ಈ ನಂಟು ಇತ್ತು. ತಾಳೆಗರಿಯ ಮೇಲೆ ಅಕ್ಷರ ಕೊರೆಯುವ ಕಬ್ಬಿಣದ ಲೇಖನಿಯನ್ನೂ ಗರಿಯನ್ನು ಒಪ್ಪಮಾಡುವ ಚಾಕುವನ್ನೂ ಒಂದೇ ಹಿಡಿಯೊಳಗೆ ಮಡಿಸಿಡುವ ಉಪಕರಣವನ್ನು ತಮಿಳರು 'ಮಡಕ್ಕೆಳುತ್ತಾಣಿ' ಎಂದು ಕರೆದರು. ಎಲೆಅಡಿಕೆಯ ಸಂಚಿಯಲ್ಲಿ ನಮ್ಮ ಹಿರಿಯರು ಇಟ್ಟುಕೊಳ್ಳುತ್ತಿದ್ದ ಅಡಕತ್ತರಿಯೂ ಕೀಲಿನ ಮೇಲೆ ನಡೆಯುವ ಸಾಧನವೇ. ಅದನ್ನು ಕಂಡು ಯಾರೂ ಬೆಚ್ಚಿಬಿದ್ದುದನ್ನು ನಾನು ಕೇಳಿಲ್ಲ.

ಕೀಲಿಗೆ ಎರಡನೆಯ ಉತ್ತರ ಷೆಫೀಲ್ಡಿನದು. ಅಲ್ಲಿನ ಚಾಕುಗಾರರ ಸಂಘಕ್ಕೆ 1624ರಲ್ಲಿ ಪಾರ್ಲಿಮೆಂಟಿನ ಶಾಸನದ ಮನ್ನಣೆ ದೊರೆಯಿತು. ಅದೇ ಶತಮಾನದ ನಡುಗಾಲದ ಹೊತ್ತಿಗೆ ಹಿಡಿಯ ಬೆನ್ನಿನಲ್ಲಿ ಉಕ್ಕಿನ ಪಟ್ಟಿಯೊಂದನ್ನು ಸ್ಪ್ರಿಂಗಾಗಿ ಕೂರಿಸುವ ಪದ್ಧತಿ ಬೆಳೆಯಿತು. ಈ ಪಟ್ಟಿ ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ. ಅಲಗು ತೆರೆದಾಗ ತೆರೆದೇ ಇರುತ್ತದೆ, ಮುಚ್ಚಿದಾಗ ಮುಚ್ಚಿಯೇ ಇರುತ್ತದೆ. ಬಲವಾಗಿ ಒತ್ತಿದರೆ ಮಣಿಯುತ್ತದೆ. ಸ್ಪ್ರಿಂಗು ಮಾಡಲು ಒಳ್ಳೆಯ ಉಕ್ಕು ಬೇಕಷ್ಟೆ? 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಎರಕಹೊಯ್ಯುವ ವಿಧಾನವನ್ನು ರೂಢಿಸಿದ ಮೇಲೆ ಆ ಊರಿಗೆ ಎದುರೇ ಇಲ್ಲದಂತಾಯಿತು. ಅಲಗು ಎಷ್ಟು ನಯವಾಗಿ ತಿರುಗುತ್ತದೆ, ಕೊನೆಗೆ ಹೇಗೆ 'ಟಿಕ್' ಎನ್ನುತ್ತದೆ ಎಂಬುದರ ಮೇಲೆ ಚಾಕುವಿನ ಯೋಗ್ಯತೆಯನ್ನು ಅಳೆಯುವ ವಾಡಿಕೆ ಆಂಗ್ಲರಲ್ಲುಂಟು. ಅವರ ಮಾತನ್ನು ಕನ್ನಡಿಸಿದರೆ ಅದು ಚಾಕುವಿನ 'ನಡೆನುಡಿ'! ಬಲ್ಲವರು ಅಂಗಡಿಯಲ್ಲಿ ಚಾಕುವನ್ನು ಕಿವಿಯ ಬಳಿ ಹಿಡಿದು ತೆರೆದು ನೋಡುವುದು ಈ ಕಾರಣದಿಂದಲೇ. ಕುಶಲತೆ ಹುಚ್ಚಾಟಕ್ಕೂ ಇಳಿಯಿತೆನ್ನಿ. ಜೋಸೆಫ್ ರಾಜರ್ಸ್ ಸಂಸ್ಥೆ 1822ರಲ್ಲಿ 1822 ಅಲಗುಗಳ ಚಾಕುವೊಂದನ್ನು ನಿರ್ಮಿಸಿತು. ಅದನ್ನು ಇಡುವ ಕಿಸೆಯನ್ನು ಯಾವ ದರ್ಜಿ ಹೊಲಿಯಬೇಕು?

ಇದೇ ಸ್ಪ್ರಿಂಗನ್ನು ಜಾಣತನದಿಂದ ದುಡಿಸಿಕೊಂಡವನು ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್. ಸೈನಿಕರ ಚಾಕುವನ್ನು ಒದಗಿಸತೊಡಗಿದ್ದ ಅವನು, 1897ರಲ್ಲಿ ಒಂದೇ ಸ್ಪ್ರಿಂಗಿನ ಎರಡು ಕಡೆಯೂ ಉಪಕರಣಗಳನ್ನು ಕೂರಿಸಿ, ಎರಡೇ ಸ್ಪ್ರಿಂಗುಗಳಲ್ಲಿ ಆರು ಉಪಕರಣಗಳ ಹಗುರವಾದ ಚಾಕುವನ್ನು ನೋಂದಾಯಿಸಿದ. ಕೆಂಪು ಹಿಡಿಯ ಆ ಚಾಕು ಜಗತ್ಪ್ರಸಿದ್ಧ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಮೂರನೆಯ ಉತ್ತರ ಬಂದುದು ಒಬ್ಬ ಹಳ್ಳಿಯ ಕಮ್ಮಾರನ ಮನೆಯಿಂದ. ಫ್ರಾನ್ಸಿನ ಸವಾಯ್ ಪ್ರಾಂತದ ಮೊರಿಯೆನ್ ಕಣಿವೆಯಲ್ಲಿ ಜೋಸೆಫ್ ಒಪಿನೆಲ್ ಎಂಬ ಹದಿನೆಂಟರ ಹುಡುಗ 1890ರಲ್ಲಿ ರೈತರಿಗೆಂದು ಒಂದು ಚಾಕು ಮಾಡಿದ. ಮರದ ದುಂಡು ಹಿಡಿ, ಅದರಲ್ಲೊಂದು ಸೀಳು, ಒಂದು ಅಲಗು, ಒಂದು ಮೊಳೆ. ಸ್ಪ್ರಿಂಗಿಲ್ಲ. 1897ರ ಹೊತ್ತಿಗೆ 1ರಿಂದ 12ರವರೆಗಿನ ಅಳತೆಗಳಲ್ಲಿ ಇದು ದೊರೆಯತೊಡಗಿತು. 1ನೆಯದು ತೀರ ಚಿಕ್ಕದೆಂದೂ 11ನೆಯದು ಅಕ್ಕಪಕ್ಕದವುಗಳಿಗಿಂತ ಹೆಚ್ಚು ಭಿನ್ನವಲ್ಲವೆಂದೂ ಮುಂದೆ ಕೈಬಿಟ್ಟರು. ಆದರೆ ಮರ ಒಣಗಿದರೆ ಕೀಲು ಸಡಿಲ, ನೆನೆದರೆ ಬಿಗಿ. ಬೆರಳಿನ ಭಯ ತಪ್ಪಿದ್ದಲ್ಲ. ಈ ಭಯಕ್ಕೆ 1955ರಲ್ಲಿ ಅದೇ ಮನೆತನದ ಮಾರ್ಸೆಲ್ ಒಪಿನೆಲ್ ಪರಿಹಾರ ಕಂಡುಹಿಡಿದ. ಹಿಡಿಯ ಕುತ್ತಿಗೆಗೆ ಸೀಳುಳ್ಳ ಉಕ್ಕಿನ ಬಳೆಯೊಂದನ್ನು ತೊಡಿಸಿದ, ಅಷ್ಟೆ. ಅಲಗನ್ನು ತೆರೆದು ಬಳೆಯನ್ನು ತುಸು ತಿರುಗಿಸಿದರೆ ಅಲಗು ಹಿಂದಕ್ಕೆ ಮಡಿಯಲಾರದು. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ನೆಮ್ಮದಿಯನ್ನು ಕೊಟ್ಟ ಉಪಾಯ ಚಾಕುಗಳ ಚರಿತ್ರೆಯಲ್ಲಿ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ.

ಕಥೆ ತೊಡಕಾಗುವುದು ಇಲ್ಲಿಂದ ಮುಂದೆ. ಬೆರಳನ್ನು ಉಳಿಸಲೆಂದು ಬಂದ ಬೀಗ ನ್ಯಾಯಾಲಯದ ಕಣ್ಣಿಗೆ ಬೇರೆಯಾಗಿ ಕಂಡಿತು. ಬ್ರಿಟನ್ನಿನ 1988ರ ಕಾಯಿದೆಯೊಂದು ಸಾರ್ವಜನಿಕ ಸ್ಥಳದಲ್ಲಿ ಸಕಾರಣವಿಲ್ಲದೆ ಹರಿತವಾದ ವಸ್ತುವನ್ನು ಒಯ್ಯುವುದನ್ನು ನಿಷೇಧಿಸಿ, 3 ಅಂಗುಲ ಮೀರದ ಅಲಗಿನ ಮಡಿಸುವ ಕಿಸೆಚಾಕುವಿಗೆ ಮಾತ್ರ ವಿನಾಯಿತಿ ಕೊಟ್ಟಿತು. ತೆರೆದಾಗ ಬೀಗ ಬೀಳುವ ಚಾಕು ಈ ವಿನಾಯಿತಿಗೆ ಸೇರುವುದೇ? ಇಲ್ಲವೆಂದು ಅಲ್ಲಿನ ಉಚ್ಚ ನ್ಯಾಯಾಲಯ ತೀರ್ಮಾನಿಸಿತು. ತತ್‌ಕ್ಷಣ ಮಡಿಸಲು ಬಾರದ್ದು ಮಡಿಸುವ ಚಾಕುವಲ್ಲ ಎಂಬುದು ಆ ತರ್ಕದ ಸಾರ. ಹಾಗೆ ನೋಡಿದರೆ ಸವಾಯ್ ರೈತ ಸೇಬು ಹೆಚ್ಚುವ ಚಾಕು ಲಂಡನ್ನಿನ ಬೀದಿಯಲ್ಲಿ ಕಾರಣ ಹೇಳಬೇಕಾದ ವಸ್ತು. ಬೆರಳ ಮೇಲೆ ಮಡಿಯಬಲ್ಲ ಹಳೆಯ ಷೆಫೀಲ್ಡ್ ಚಾಕು ನಿರಪಾಯ. ನಮ್ಮಲ್ಲಿಯೂ ಕಾನೂನಿನ ದೃಷ್ಟಿ ಕೀಲಿನ ಮೇಲೆ ಬಿದ್ದಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯ ನಿಯಮಗಳು ಮನೆ, ಬೇಸಾಯ, ಕೈಗಾರಿಕೆಗಳ ಸಾಧನಗಳನ್ನು ಬಿಟ್ಟು, 9 ಅಂಗುಲ ಉದ್ದ ಅಥವಾ 2 ಅಂಗುಲ ಅಗಲ ಮೀರಿದ ಅಲಗುಗಳನ್ನು ಆಯುಧವೆಂದು ಎಣಿಸಿದವು. ದೆಹಲಿಯ ಆಡಳಿತವಾದರೋ 1980ರ ಅಧಿಸೂಚನೆಯಲ್ಲಿ ಗುಂಡಿಯೊತ್ತಿದರೆ ತೆರೆಯುವ, ಸ್ಪ್ರಿಂಗಿನಿಂದ ಚಿಮ್ಮುವ, ಗರಾರಿಯುಳ್ಳ ಚಾಕುಗಳನ್ನು ಹೆಸರಿಸಿ, 7.62 ಸೆಂಟಿಮೀಟರಿನ ಮಿತಿ ಹಾಕಿತು. ಲೆಕ್ಕ ಹಾಕಿದರೆ ಅದೂ 3 ಅಂಗುಲವೇ. ಇದರ ಹಿಂದೆ ಹಿಂದಿ ಚಲನಚಿತ್ರಗಳ ಖಳರು 'ಕರ್ರ್' ಎಂದು ತೆರೆಯುತ್ತಿದ್ದ ರಾಮ್‌ಪುರಿ ಚಾಕುವಿನ ನೆರಳನ್ನು ಕಾಣುವುದು ಕಷ್ಟವಲ್ಲ. ಉತ್ತರ ಪ್ರದೇಶದ ಆ ರಾಮ್‌ಪುರದ ಚೌಕದಲ್ಲಿಯೇ 2023ರಲ್ಲಿ ಸುಮಾರು 6 ಮೀಟರ್ ಉದ್ದದ ಚಾಕುವೊಂದನ್ನು ಸ್ಮಾರಕವಾಗಿ ನಿಲ್ಲಿಸಿದ್ದಾರೆ!

ಭಯ ಕೀಲನ್ನೂ ದಾಟಿ ಚಾಕುವನ್ನೇ ನುಂಗಿದ ಉದಾಹರಣೆ ಜಪಾನಿನದು. 1876ರಲ್ಲಿ ಮೆಯ್ಜಿ ಸರ್ಕಾರ ಸಮುರಾಯಿಗಳು ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ನಿಷೇಧಿಸಿತು. ಅದೇ ಶತಮಾನದ ಕೊನೆಯಲ್ಲಿ ಹ್ಯೋಗೊ ಪ್ರಾಂತದ ಮಿಕಿ ಎಂಬ ಕಮ್ಮಾರರ ಊರಿನಲ್ಲಿ 'ಹಿಗೊನೊಕಾಮಿ' ಎಂಬ ಚಾಕು ಹುಟ್ಟಿತು. ಹಿಗೊ ಸೀಮೆಯ ದೊರೆ ಎಂದು ಅದರ ಅರ್ಥ. ಹೆಸರು ದೊರೆಯದು, ವಸ್ತು ಬಡವರದು. ಲೋಹದ ತಗಡೊಂದನ್ನು ಮಡಿಸಿದರೆ ಹಿಡಿ; ಅದರೊಳಗೆ ಅಲಗು; ಅಲಗಿನ ಬುಡದಲ್ಲಿ ಚಾಚಿದ ಒಂದು ಪುಟ್ಟ ನಾಲಗೆ. ಸ್ಪ್ರಿಂಗೂ ಇಲ್ಲ, ಬೀಗವೂ ಇಲ್ಲ. ಕತ್ತರಿಸುವಾಗ ಹೆಬ್ಬೆರಳಿನಿಂದ ಆ ನಾಲಗೆಯನ್ನು ಒತ್ತಿ ಹಿಡಿದಿರಬೇಕು; ಹಿಡಿದವನ ಬೆರಳೇ ಬೀಗ. ಶಾಲೆಯ ಹುಡುಗರು ಇದರಿಂದ ಸೀಸದಕಡ್ಡಿ ಚೂಪು ಮಾಡಿದರು, ಬಿದಿರು ಕೆತ್ತಿ ಆಟಿಕೆ ಮಾಡಿಕೊಂಡರು.

1960ರ ಅಕ್ಟೋಬರ್ 12ರಂದು ಟೋಕಿಯೋದ ಹಿಬಿಯಾ ಸಭಾಂಗಣದಲ್ಲಿ ಸಮಾಜವಾದಿ ಪಕ್ಷದ ಮುಖಂಡ ಅಸನುಮಾ ಇನೆಜಿರೊ ಭಾಷಣ ಮಾಡುತ್ತಿದ್ದಾಗ ಹದಿನೇಳರ ಹುಡುಗನೊಬ್ಬ ವೇದಿಕೆಗೆ ನುಗ್ಗಿ ಇರಿದು ಕೊಂದ. ಆ ದೃಶ್ಯವನ್ನು ದೂರದರ್ಶನದಲ್ಲಿ ನಾಡೆಲ್ಲ ಕಂಡಿತು. ಅವನ ಕೈಯಲ್ಲಿದ್ದುದು ಹಳೆಯ ಕಾಲದ ಗಿಡ್ಡ ಖಡ್ಗ. ಆದರೆ ಮಕ್ಕಳ ಕೈಗೆ ಅಲಗು ಕೊಡಬಾರದೆಂಬ ಚಳವಳಿ ದೇಶವ್ಯಾಪಿಯಾಗಿ ಹಬ್ಬಿದಾಗ ಕಿಸೆಗಳಿಂದ ಹೊರಬಿದ್ದುದು ಹಿಗೊನೊಕಾಮಿ. ಶಾಲೆಗಳಲ್ಲಿ ಅದರ ಜಾಗವನ್ನು ಸೀಸದಕಡ್ಡಿ ಹೆರೆಯುವ ಯಂತ್ರ ಹಿಡಿಯಿತು. ಮಿಕಿಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಆ ಹೆಸರಿನಿಂದ ಚಾಕು ಮಾಡುವ ಹಕ್ಕುಳ್ಳ ಒಂದೇ ಒಂದು ಮನೆತನ ಇಂದು ಉಳಿದಿದೆ. ಖಡ್ಗ ಮಾಡಿದ ತಪ್ಪಿಗೆ ಪೆನ್ಸಿಲಿನ ಚಾಕು ದಂಡ ತೆತ್ತಿತು. ತಾಯಿತಂದೆಯರ ಹೆದರಿಕೆ ಅಕಾರಣವೆಂದು ನಾನು ಹೇಳಲಾರೆ. ಒಂದು ತಲೆಮಾರಿನ ಬೆರಳುಗಳು ತಾವೇ ಬೀಗವಾಗುವ ವಿದ್ಯೆಯನ್ನು ಮರೆತವು ಎಂಬುದೂ ಸುಳ್ಳಲ್ಲ. ಎಲ್ಸೆನರನ ಸಂಸ್ಥೆಯೇ ಅಲಗಿಲ್ಲದ ಕಿಸೆಯುಪಕರಣವನ್ನು ರೂಪಿಸುತ್ತಿರುವುದಾಗಿ 2024ರಲ್ಲಿ ಸಾರಿತು. ದೇಶದೇಶಗಳ ಕಾನೂನು ಬಿಗಿಯಾಗುತ್ತಿರುವುದೇ ಅದು ಕೊಟ್ಟ ಕಾರಣ.

ಹಾಗಾದರೆ ಪಟ್ಟಣವಾಸಿಯೊಬ್ಬ ಯಾವುದನ್ನು ಕೊಳ್ಳಬೇಕು? ಅವನ ಕೆಲಸ ಹಣ್ಣು ಹೆಚ್ಚುವುದು, ದಾರ ಕತ್ತರಿಸುವುದು, ಅಂಚೆಯಲ್ಲಿ ಬಂದ ಪುಸ್ತಕದ ಕಟ್ಟು ಬಿಚ್ಚುವುದು. ಇದಕ್ಕೆ ಎರಡೂವರೆ ಅಂಗುಲದ ಅಲಗು ಧಾರಾಳವಾಯಿತು. ಮರ ಕೆತ್ತುವವರು, ತೋಟದಲ್ಲಿ ದುಡಿಯುವವರು ಅಲಗಿನ ಮೇಲೆ ಭಾರ ಹಾಕುತ್ತಾರೆ. ಅವರಿಗೆ ಬೀಗ ಬೇಕೇ ಬೇಕು. ಉಳಿದವರಿಗೆ ಬೆನ್ನಿನ ಸ್ಪ್ರಿಂಗು ಸಾಲದೆ ಏನು? ಗುಂಡಿಯೊತ್ತಿದರೆ ಚಿಮ್ಮುವುದನ್ನು ಮುಟ್ಟಲೇಬೇಡಿ. ಸೇಬಿಗೆ ಆ ಅವಸರವಿಲ್ಲ. ಅಂಗಡಿಯಲ್ಲಿ ಅಲಗನ್ನು ಪೂರ್ತಿ ತೆರೆದು, ಬೆನ್ನನ್ನು ಹಿಡಿದು ಎಡಬಲಕ್ಕೆ ಅಲುಗಿಸಿ. ಕೀಲು ಕದಲಿದರೆ ಹಿಂದಕ್ಕೆ ಕೊಡಿ. ಮುಚ್ಚಿದಾಗ ಮೊನೆ ಹಿಡಿಯೊಳಗೆ ಪೂರ್ತಿ ಮುಳುಗಿದೆಯೇ ಎಂದು ಬಟ್ಟೆ ಉಜ್ಜಿ ನೋಡಿ. ಇಲ್ಲವಾದರೆ ಕಿಸೆಯೇ ಮೊದಲ ಬಲಿ. ತುಕ್ಕು ಹಿಡಿಯದ ಉಕ್ಕು ಸೋಮಾರಿಗಳಿಗೆ ಹಿತ. ಇಂಗಾಲದ ಉಕ್ಕು ಸಾಣೆಗೆ ಬೇಗ ಒಲಿಯುತ್ತದೆ, ಆದರೆ ನಿಂಬೆಹಣ್ಣು ಕೊಯ್ದು ಹಾಗೆಯೇ ಇಟ್ಟರೆ ಬೆಳಗಾಗುವಷ್ಟರಲ್ಲಿ ಕಪ್ಪಿಡುತ್ತದೆ. ಎಣ್ಣೆಯ ಬಟ್ಟೆಯಿಂದ ಒರಸಿ, ಕೀಲಿಗೂ ಒಂದು ಹನಿ ಬಿಡುವುದು ರೂಢಿ. ವಿಮಾನದಲ್ಲಿ ಹೋಗುವವರು ಅದನ್ನು ಹಿಂದಿನ ರಾತ್ರಿಯೇ ಮೇಜಿನ ಮೇಲೆ ತೆಗೆದಿಡಬೇಕು. ನಿಲ್ದಾಣದ ತಪಾಸಣೆಯಲ್ಲಿ ಕೈಬಿಟ್ಟ ಚಾಕು ಮರಳಿ ಕೈಸೇರುವುದು ಅಪರೂಪ.