ಹಸ್ತಪ್ರತಿಯ ಶಿಸ್ತು: ಅಬ್ಬೆ ದುಬ್ವಾ ಅವರ ಗ್ರಂಥಚರಿತ್ರೆಯಿಂದ ಕೆಲವು ವಿಚಾರಗಳು

ಮಾನವಶಾಸ್ತ್ರದ ಪತ್ರಿಕೆಗೆ ಲೇಖನವನ್ನು ಸಿದ್ಧಪಡಿಸುವವರು ಪಾಲಿಸಬೇಕಾದ ನಿಯಮಗಳು ಹಲವು. ಆಧಾರಗಳ ಸೂಚನೆ, ಊರು ತಾಲ್ಲೂಕುಗಳ ಹೆಸರು, ಕ್ಷೇತ್ರಕಾರ್ಯ ನಡೆದ ಕಾಲ, ದೇಶೀಯ ಪದಗಳ ಲಿಪ್ಯಂತರ, ಕೋಷ್ಟಕಗಳ ಕ್ರಮ, ಅಡಿಟಿಪ್ಪಣಿ ಇವೆಲ್ಲವೂ ಅವುಗಳಲ್ಲಿ ಸೇರುತ್ತವೆ. ಇವು ಬರೆದು ಮುಗಿದ ಮೇಲೆ ಸಂಪಾದಕರ ತೃಪ್ತಿಗಾಗಿ ಮಾಡುವ ಹೊರಗಿನ ಅಲಂಕಾರವೆಂದೂ, ವಿಷಯದ ಸತ್ಯಕ್ಕೂ ಇವುಗಳಿಗೂ ಸಂಬಂಧವಿಲ್ಲವೆಂದೂ ತಿಳಿಯುವವರುಂಟು. ಈ ತಿಳಿವಳಿಕೆ ಸರಿಯಲ್ಲವೆಂಬುದನ್ನು ಮೈಸೂರು ಸೀಮೆಯಲ್ಲಿಯೇ ಸಿದ್ಧವಾಗಿ ಜಗತ್ಪ್ರಸಿದ್ಧವಾದ ಒಂದು ಹಸ್ತಪ್ರತಿಯ ಚರಿತ್ರೆಯು ಸ್ಪಷ್ಟಪಡಿಸುತ್ತದೆ. ಅದನ್ನು ಸಂಗ್ರಹವಾಗಿ ನಿರೂಪಿಸಿ, ಹಾಸನದ ಸಮೀಪದ ಶೆಟ್ಟಿಹಳ್ಳಿಯಂತಹ ಒಂದು ಊರನ್ನು ಕುರಿತು ಬರೆಯುವವರಿಗೆ ಅದರಿಂದ ದೊರೆಯುವ ಪಾಠವನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

೧

ಜಾನ್ ಆಂಟ್ವಾನ್ ದುಬ್ವಾ ಅವರು ೧೭೬೬ರ ಸುಮಾರಿನಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ೧೭೯೨ರಲ್ಲಿ ಪಾದ್ರಿಗಳಾಗಿ, ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಘದ ಮೂಲಕ ಭಾರತಕ್ಕೆ ಬಂದರು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತಸಮುದಾಯಗಳನ್ನು ಮತ್ತೆ ಒಂದುಗೂಡಿಸುವ ಕೆಲಸವು ಅವರ ಪಾಲಿಗೆ ಬಂದಿತು. ಬೇಸಾಯದ ನೆಲೆಗಳನ್ನು ಏರ್ಪಡಿಸುವುದರಲ್ಲಿಯೂ, ಸಿಡುಬಿಗೆ ದೇವಿ ಹಾಕುವ ಪದ್ಧತಿಯನ್ನು ಹರಡುವುದರಲ್ಲಿಯೂ ಅವರು ಶ್ರಮಿಸಿದರು. ದೇಶೀಯರ ಉಡುಪನ್ನೂ ಆಹಾರಕ್ರಮವನ್ನೂ ಅನುಸರಿಸಿ ಜನರ ನಡುವೆ ಬಾಳಿದ ಅವರು ೧೮೨೩ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, ೧೮೪೮ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಹಿಂದೂಗಳ ಆಚಾರವಿಚಾರಗಳನ್ನು ಕುರಿತು ಫ್ರೆಂಚ್ ಭಾಷೆಯಲ್ಲಿದ್ದ ಒಂದು ದೊಡ್ಡ ಹಸ್ತಪ್ರತಿಯನ್ನು ದುಬ್ವಾ ಅವರು ೧೮೦೬ರಲ್ಲಿ ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರಿಗೆ ಒಪ್ಪಿಸಿದರು. ಅವರ ಶಿಫಾರಸಿನ ಮೇಲೆ ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಅವರು ೧೮೦೭ರಲ್ಲಿ ಅದನ್ನು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ೨,೦೦೦ ಸ್ಟಾರ್ ಪಗೋಡಗಳಿಗೆ ಕೊಂಡರು. ಇಂಗ್ಲಿಷ್ ಅನುವಾದವು ೧೮೧೬ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆದರೆ ೧೮೧೫ರಲ್ಲಿಯೇ ಮದರಾಸಿನ ಪ್ರತಿಯು ಗ್ರಂಥಕರ್ತರ ಕೈಗೆ ಬಂದು, ಅವರು ಅದನ್ನು ಬಹಳವಾಗಿ ತಿದ್ದಿ ಬೆಳಸಿದ್ದರು. ಆ ತಿದ್ದುಪಡಿಗಳು ಲಂಡನ್ನಿನ ಮುದ್ರಣಕ್ಕೆ ಸೇರಲಿಲ್ಲ. ೧೮೨೫ರಲ್ಲಿ ಪ್ಯಾರಿಸ್ಸಿನಿಂದ ಫ್ರೆಂಚ್ ಗ್ರಂಥವು ಎರಡು ಸಂಪುಟಗಳಲ್ಲಿ ಹೊರಟಿತು. ಮದರಾಸಿನಲ್ಲಿ ಉಳಿದಿದ್ದ ಪರಿಷ್ಕೃತ ಪ್ರತಿಯನ್ನು ಆಧರಿಸಿ ಹೆನ್ರಿ ಬೋಷಾಂ ಅವರು ಹೊಸದಾಗಿ ಮಾಡಿದ ಅನುವಾದವು ೧೮೯೭ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾಯಿತು.

ಇದರಿಂದ ಒಂದು ವಿಷಯವು ಸಿದ್ಧವಾಗುತ್ತದೆ. ‘ದುಬ್ವಾ ಹೀಗೆ ಹೇಳುತ್ತಾರೆ’ ಎಂದಷ್ಟೇ ಬರೆದರೆ ಅದು ಆಧಾರವಾಗಲಾರದು. ೧೮೧೬ರ ದುಬ್ವಾ ಬೇರೆ, ೧೮೯೭ರ ದುಬ್ವಾ ಬೇರೆ. ಹೆಸರಿನೊಡನೆ ಪ್ರಕಟಣೆಯ ವರ್ಷವನ್ನೂ ಪುಟವನ್ನೂ ಕೊಡಬೇಕೆಂದು ಇಂದಿನ ಪತ್ರಿಕೆಗಳು ಕೇಳುವುದು ಈ ಕಾರಣದಿಂದಲೇ.

೨

ಇದಕ್ಕಿಂತ ಗಹನವಾದ ತೊಡಕೊಂದು ಈ ಗ್ರಂಥದಲ್ಲಿ ಅಡಗಿದ್ದಿತು. ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ ಅವರು ೧೯೭೭ರಲ್ಲಿ ಒಂದು ಲೇಖನದಲ್ಲಿಯೂ, ಅನಂತರ ೧೯೮೭ರಲ್ಲಿ ಎರಡು ಸಂಪುಟಗಳ ಗ್ರಂಥದಲ್ಲಿಯೂ ಅದನ್ನು ಬಯಲಿಗೆ ತಂದರು. ಗಾಸ್ತೋ ಲೋರಾ ಕೇರ್ದೂ ಎಂಬ ಜೆಸೂಯಿಟ್ ಪಾದ್ರಿಗಳು ೧೭೩೨ರಲ್ಲಿ ಭಾರತಕ್ಕೆ ಬಂದು, ತೆಲುಗು ನಾಡಿನಲ್ಲಿಯೂ ಪುದುಚೇರಿಯಲ್ಲಿಯೂ ದುಡಿದು, ೧೭೭೯ರಲ್ಲಿ ಪುದುಚೇರಿಯಲ್ಲಿ ಮರಣಹೊಂದಿದರು. ಅವರು ಈ ದೇಶದ ಜನರ ನಡೆನುಡಿಗಳನ್ನು ಕುರಿತು ಒಂದು ಗ್ರಂಥವನ್ನು ರಚಿಸಿದ್ದರು. ಅದರ ಮೂಲಪ್ರತಿ ಕಳೆದುಹೋಯಿತು. ಆದರೆ ದೆವೋ ಎಂಬ ಫ್ರೆಂಚ್ ಫಿರಂಗಿದಳದ ಅಧಿಕಾರಿ ೧೭೭೬-೭೭ರಲ್ಲಿ ಅದನ್ನು ಪರಿಷ್ಕರಿಸಿ ಬರೆದ ಪ್ರತಿಯು ಉಳಿದುಬಂದಿತು. ಆ ಪ್ರತಿಯನ್ನು ದುಬ್ವಾ ಅವರ ಗ್ರಂಥದೊಡನೆ ಹೋಲಿಸಿ, ದುಬ್ವಾ ಅವರ ಬರವಣಿಗೆಯ ಬಹುಭಾಗವು ಕೇರ್ದೂ ಅವರ ಗ್ರಂಥವನ್ನು ಅವಲಂಬಿಸಿದುದೆಂದು ಮುರ್ ಅವರು ತೋರಿಸಿಕೊಟ್ಟರು. ದುಬ್ವಾ ಅವರು ಎಲ್ಲಿಯೂ ಈ ಋಣವನ್ನು ಹೇಳಿರಲಿಲ್ಲ.

ಕೇರ್ದೂ ಅವರಿಗೆ ಇಂತಹ ಅನ್ಯಾಯವಾದುದು ಇದೊಂದೇ ಸಲವಲ್ಲ. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಇರುವ ಸಂಬಂಧವನ್ನು ಅವರು ೧೭೬೭ರಲ್ಲಿಯೇ ಪ್ಯಾರಿಸ್ಸಿನ ವಿದ್ವತ್ಪರಿಷತ್ತಿಗೆ ಬರೆದು ತಿಳಿಸಿದ್ದರು. ಅದು ಅಚ್ಚಾದುದು ೧೮೦೮ರಲ್ಲಿ. ಅಷ್ಟರೊಳಗೆ ೧೭೮೬ರಲ್ಲಿ ಸರ್ ವಿಲಿಯಂ ಜೋನ್ಸ್ ಅವರು ಕಲ್ಕತ್ತೆಯಲ್ಲಿ ಮಾಡಿದ ಭಾಷಣದಿಂದ ಆ ಕೀರ್ತಿಯು ಅವರಿಗೆ ಸಂದಿತ್ತು.

ದುಬ್ವಾ ಅವರ ವಿಷಯದಲ್ಲಿ ನಾವು ಕಾಲಧರ್ಮವನ್ನು ಮರೆಯಬಾರದು. ಹಿಂದಿನವರ ಬರಹವನ್ನು ಹೆಸರಿಲ್ಲದೆ ಬಳಸಿಕೊಳ್ಳುವುದು ಆ ಕಾಲದಲ್ಲಿ ಅಪರೂಪವಾಗಿರಲಿಲ್ಲ. ಲೇಖನವನ್ನು ಪರಿಶೀಲಿಸಿ ಆಧಾರವನ್ನು ಕೇಳುವ ಪತ್ರಿಕೆಯೂ ಆಗ ಈ ಶಾಸ್ತ್ರಕ್ಕೆ ಇರಲಿಲ್ಲ. ಕ್ಷೇತ್ರದಲ್ಲಿ ವಿಷಯಸಂಗ್ರಹ ಮಾಡುವವರಿಗೆ ಮಾರ್ಗದರ್ಶಿಯಾದ ‘ನೋಟ್ಸ್ ಅಂಡ್ ಕ್ವೆರೀಸ್ ಆನ್ ಆಂತ್ರಪಾಲಜಿ’ ಎಂಬ ಕೈಪಿಡಿಯು ಇಂಗ್ಲೆಂಡಿನಲ್ಲಿ ಮೊದಲು ಹೊರಟುದು ೧೮೭೪ರಲ್ಲಿ. ನಮ್ಮಲ್ಲಿ ‘ಇಂಡಿಯನ್ ಆಂಟಿಕ್ವರಿ’ ೧೮೭೨ರಲ್ಲಿ, ಬೆಂಗಳೂರಿನ ಮಿಥಿಕ್ ಸೊಸೈಟಿ ೧೯೦೯ರಲ್ಲಿ, ರಾಂಚಿಯ ‘ಮ್ಯಾನ್ ಇನ್ ಇಂಡಿಯಾ’ ೧೯೨೧ರಲ್ಲಿ ಆರಂಭವಾದುವು.

ಆದರೆ ಇಲ್ಲಿ ನಿಜವಾಗಿ ಆದ ನಷ್ಟವು ಕೇರ್ದೂ ಅವರ ಕೀರ್ತಿಗೆ ಮಾತ್ರ ಸಂಬಂಧಪಟ್ಟುದಲ್ಲ. ೧೮೦೬ರಲ್ಲಿ ಮೈಸೂರಿನಲ್ಲಿ ಒಪ್ಪಿಸಲ್ಪಟ್ಟ ಗ್ರಂಥವಾದುದರಿಂದ, ಅದರಲ್ಲಿ ಹೇಳಿದ ಮದುವೆಯ ಕ್ರಮ, ಶವಸಂಸ್ಕಾರ, ಜಾತಿಪಂಚಾಯಿತಿ ಮುಂತಾದವು ಹತ್ತೊಂಬತ್ತನೆಯ ಶತಮಾನದ ಆದಿಯ ಮೈಸೂರಿನವೆಂದು ಓದುಗನು ಸಹಜವಾಗಿ ನಂಬುತ್ತಾನೆ. ಅವುಗಳಲ್ಲಿ ಎಷ್ಟೋ ಸಂಗತಿಗಳು ಒಂದು ತಲೆಮಾರಿಗೂ ಹಿಂದಿನವು. ತೆಲುಗು ತಮಿಳು ಸೀಮೆಗಳಲ್ಲಿ ಮತ್ತೊಬ್ಬರು ಕಂಡುಕೇಳಿದವು. ದುಬ್ವಾ ಅವರು ಸ್ವಂತವಾಗಿ ಮೈಸೂರಿನಲ್ಲಿ ಕಂಡು ಸೇರಿಸಿದ ಸಂಗತಿಗಳೂ ಅವುಗಳ ನಡುವೆಯೇ ಇವೆ. ಎರಡನ್ನೂ ಬೇರ್ಪಡಿಸುವ ಗುರುತು ಮಾತ್ರ ಗ್ರಂಥದಲ್ಲಿಲ್ಲ. ಹೀಗೆ ಆಧಾರದ ಹೆಸರು ಅಳಿಸಿದಾಗ ಅದರೊಡನೆ ದೇಶವೂ ಕಾಲವೂ ಅಳಿಸಿಹೋದುವು. ನೋಡಿದವನು ಯಾರು, ಎಲ್ಲಿ, ಯಾವಾಗ ಎಂಬುದು ತಿಳಿಯದ ವರ್ಣನೆಯು ಎಷ್ಟೇ ಸುಂದರವಾಗಿದ್ದರೂ ಚರಿತ್ರೆಗೆ ಅರ್ಧ ಮಾತ್ರ ಒದಗುತ್ತದೆ.

೩

ಇದಕ್ಕೆ ಪ್ರತಿಯಾಗಿ ನಿಲ್ಲುವ ಎರಡು ನಿದರ್ಶನಗಳು ನಮ್ಮ ನಾಡಿನಲ್ಲಿಯೇ ಇವೆ. ಮೈಸೂರಿನ ಜನಾಂಗಗಳ ಸಮೀಕ್ಷೆಯನ್ನು ಹೆಚ್. ವಿ. ನಂಜುಂಡಯ್ಯನವರು ಕೈಗೊಂಡು, ೧೯೦೬ರಿಂದ ಒಂದೊಂದು ಜಾತಿಯನ್ನು ಕುರಿತ ಪುಸ್ತಿಕೆಗಳನ್ನು ‘ಪ್ರಾಥಮಿಕ ಮುದ್ರಣ’ವೆಂಬ ಸೂಚನೆಯೊಡನೆ ಹೊರಡಿಸಿದರು. ಅದು ಅಂತಿಮವಾದ ಮಾತಲ್ಲ, ತಿದ್ದುಪಡಿಗೆ ಅವಕಾಶವುಂಟೆಂಬುದು ಆ ಸೂಚನೆಯಿಂದಲೇ ವ್ಯಕ್ತವಾಗುತ್ತದೆ. ೧೯೨೦ರಲ್ಲಿ ಅವರು ಕಾಲವಾದ ಮೇಲೆ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಆ ಕೆಲಸವನ್ನು ಮುಂದುವರಿಸಿದರು. ಮೈಸೂರು ವಿಶ್ವವಿದ್ಯಾನಿಲಯವು ೧೯೨೮ರಿಂದ ೧೯೩೫ರ ವರೆಗೆ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಮುಖಪುಟದಲ್ಲಿ ದಿವಂಗತರ ಹೆಸರೂ ಮುಂದುವರಿಸಿದವರ ಹೆಸರೂ ಜೊತೆಯಾಗಿ ನಿಂತಿವೆ.

ಎರಡನೆಯದು ಎಂ. ಎನ್. ಶ್ರೀನಿವಾಸ್ ಅವರದು. ಮೈಸೂರಿನ ಬಳಿಯ ಗ್ರಾಮವೊಂದರಲ್ಲಿ ಅವರು ೧೯೪೮ರಲ್ಲಿ ನಡಸಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವಿಂಗಡಿಸಿ ಸಿದ್ಧಪಡಿಸಿದ್ದ ಮೂರು ಪ್ರತಿಗಳೂ ೧೯೭೦ರ ಏಪ್ರಿಲ್ ೨೪ರಂದು ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ತುತ್ತಾದುವು. ಮೂಲ ಟಿಪ್ಪಣಿಗಳು ದೆಹಲಿಯಲ್ಲಿ ಉಳಿದಿದ್ದರೂ, ಅವರು ನೆನಪನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಬರೆದು ೧೯೭೬ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಗ್ರಂಥವನ್ನು ಪ್ರಕಟಿಸಿದರು. ಆ ಸಂಗತಿಯನ್ನು ಹೆಸರಿನಲ್ಲಿಯೂ ಪೀಠಿಕೆಯಲ್ಲಿಯೂ ತೆರೆದು ಹೇಳಿದರು. ಗ್ರಾಮಕ್ಕೆ ಕೊಟ್ಟ ‘ರಾಂಪುರ’ ಎಂಬ ಹೆಸರು ಕಲ್ಪಿತವಾದುದು. ಆಧಾರವು ದುರ್ಬಲವಾದಾಗ ಅದನ್ನು ಮರೆಸದೆ ಹೇಳಿದುದರಿಂದ ಗ್ರಂಥದ ಬೆಲೆ ಕುಂದಲಿಲ್ಲ. ಓದುಗನಿಗೆ ಅದನ್ನು ತೂಗಿನೋಡುವ ತಕ್ಕಡಿ ದೊರೆಯಿತು.

೪

ಈಗ ಶೆಟ್ಟಿಹಳ್ಳಿಯ ವಿಷಯವನ್ನು ನೋಡಬಹುದು. ಹೇಮಾವತಿಯ ದಂಡೆಯ ಈ ಊರಿನಲ್ಲಿ ೧೮೬೦ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಒಂದು ಭವ್ಯವಾದ ಇಗರ್ಜಿಯನ್ನು ಕಟ್ಟಿಸಿದರು. ಗೊರೂರಿನ ಅಣೆಕಟ್ಟು ೧೯೭೯ರಲ್ಲಿ ಪೂರ್ಣವಾಯಿತು. ಜಲಾಶಯದ ಕಾರಣದಿಂದ ಜನರು ಬೇರೆಡೆಗೆ ಸರಿದರು. ಇಗರ್ಜಿಯು ಪಾಳುಬಿದ್ದು, ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಗೆಯಲ್ಲಿ ಮತ್ತೆ ನೆಲದ ಮೇಲೆ ನಿಲ್ಲುತ್ತದೆ. ಈ ಊರಿನ ಮೇಲೆ ಲೇಖನವನ್ನು ಬರೆಯುವವನು ‘ಶೆಟ್ಟಿಹಳ್ಳಿ’ ಎಂದಷ್ಟೇ ಹೇಳಿದರೆ ಸಾಲದು. ಆ ಹೆಸರಿನ ಊರುಗಳು ಕರ್ನಾಟಕದಲ್ಲಿ ಹಲವಿರುವುದರಿಂದ ತಾಲ್ಲೂಕು ಜಿಲ್ಲೆಗಳನ್ನು ಹೇಳಬೇಕು. ರೋಮನ್ ಲಿಪಿಯಲ್ಲಿ ಒಂದು ಕಡೆ ‘ಶೆ’ ಎಂದೂ ಮತ್ತೊಂದು ಕಡೆ ‘ಸೆ’ ಎಂದೂ ಬರೆದರೆ ಒಂದೇ ಊರು ಎರಡಾಗುತ್ತದೆ. ‘ಇಲ್ಲಿಯ ಜನರು ಇಗರ್ಜಿಯಲ್ಲಿ ಪೂಜೆಗೆ ಕೂಡುತ್ತಾರೆ’ ಎಂಬ ವಾಕ್ಯವು ೧೯೫೦ಕ್ಕೆ ಸತ್ಯವಾಗಬಹುದು. ವರ್ಷವನ್ನು ಬಿಟ್ಟರೆ ಅದೇ ವಾಕ್ಯವು ಅಸತ್ಯವಾಗುತ್ತದೆ. ಕಟ್ಟಡವನ್ನು ದುಬ್ವಾ ಅವರೇ ಕಟ್ಟಿಸಿದರೆಂದು ಯಾರಾದರೂ ಹೇಳಿದರೆ, ಅದನ್ನು ಹೇಳಿದವರ ಮಾತೆಂದೇ ಗುರುತಿಸಿ, ಅವರು ೧೮೪೮ರಲ್ಲಿಯೇ ತೀರಿಕೊಂಡಿದ್ದರೆಂಬುದನ್ನು ಪಕ್ಕದಲ್ಲಿ ಸೂಚಿಸಬೇಕು. ಊರನ್ನು ಬಿಟ್ಟುಬಂದ ಮುದುಕರಿಂದ ಕೇಳಿದುದನ್ನು ಕಣ್ಣಾರೆ ಕಂಡುದರೊಡನೆ ಬೆರಸಬಾರದು. ಹೇಳಿದವರ ಹೆಸರನ್ನು ಮರೆಮಾಡುವುದು ಅಗತ್ಯವಾದರೆ, ಮರೆಮಾಡಲಾಗಿದೆಯೆಂಬುದನ್ನು ತಿಳಿಸಬೇಕು.

ಪತ್ರಿಕೆಯ ನಿಯಮಗಳು ಕೇಳುವುದು ಇಷ್ಟನ್ನೇ. ಶೆಟ್ಟಿಹಳ್ಳಿಯಂತೆ ನೀರಿನ ಪಾಲಾದ ಊರಿನ ವಿಷಯದಲ್ಲಿ ಮತ್ತೆ ಹೋಗಿ ಪರೀಕ್ಷಿಸುವ ಅವಕಾಶವು ಮುಂದಿನವರಿಗೆ ಇರುವುದಿಲ್ಲ. ಬರೆದವನು ಹಸ್ತಪ್ರತಿಯಲ್ಲಿ ಗುರುತಿಸಿ ಕೊಟ್ಟಷ್ಟೇ ಅವರಿಗೆ ಉಳಿಯುತ್ತದೆ. ಕೇರ್ದೂ ಅವರ ಬರಹವನ್ನು ಗುರುತಿಸುವುದಕ್ಕೆ ಇನ್ನೂರು ವರ್ಷಗಳು ಬೇಕಾದುವು. ಅದೂ ಬೇರೊಂದು ಪ್ರತಿಯು ದೈವವಶದಿಂದ ಉಳಿದಿದ್ದುದರಿಂದ ಸಾಧ್ಯವಾಯಿತು. ಎಲ್ಲ ಲೇಖನಗಳಿಗೂ ಅಂತಹ ಎರಡನೆಯ ಪ್ರತಿಯು ಇರುವುದಿಲ್ಲ. ಆದುದರಿಂದ ಆಧಾರವನ್ನೂ ಸ್ಥಳವನ್ನೂ ಕಾಲವನ್ನೂ ಗುರುತಿಸುವ ಕೆಲಸವನ್ನು ಅಚ್ಚಿಗೆ ಕಳುಹಿಸುವ ದಿನಕ್ಕೆ ಮೀಸಲಿಡದೆ, ಕ್ಷೇತ್ರದಲ್ಲಿ ಮೊದಲ ಸಾಲನ್ನು ಬರೆದುಕೊಳ್ಳುವಾಗಲೇ ಆರಂಭಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.