ಸಿಗಡಿ ಕೊಳದ ನೀರು: ಒಂದು ಹಿನ್ನೋಟ

ಸಿಗಡಿ ಸಾಕಣೆಯ ಚರಿತ್ರೆ ಬಹುಪಾಲು ನೀರಿನ ನಿರ್ವಹಣೆಯ ಚರಿತ್ರೆಯೇ ಆಗಿದೆ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಿನ ನಂತರ ಸಿಗಡಿ ಮತ್ತು ಮೀನು ಬೆಳೆಯುವುದು ಹಳೆಯ ಪದ್ಧತಿ. ಉಬ್ಬರದ ವೇಳೆ ತೂಬಿನ ಹಲಗೆ ಎತ್ತಿದರೆ ಉಪ್ಪುನೀರಿನೊಂದಿಗೆ ಸಿಗಡಿ ಮರಿಗಳೂ ಒಳಬರುತ್ತವೆ; ಇಳಿತದಲ್ಲಿ ನೀರು ಹೊರಹೋಗುತ್ತದೆ. ಚಂದ್ರ ಮತ್ತು ಸೂರ್ಯರ ಗುರುತ್ವಾಕರ್ಷಣೆಯೇ ಇಲ್ಲಿನ ಪಂಪು.

1930ರ ದಶಕದಲ್ಲಿ ಜಪಾನಿನ ಮೊಟೊಸಾಕು ಫುಜಿನಾಗ ಅವರು ಕುರುಮಾ ಸಿಗಡಿಯ ಮೊಟ್ಟೆಗಳಿಂದ ಪ್ರಯೋಗಾಲಯದಲ್ಲಿ ಮರಿಗಳನ್ನು ಪಡೆದರು. 1968ರಲ್ಲಿ ತೈವಾನಿನ ಐ-ಚಿಯು ಲಿಯಾವೊ ಹುಲಿ ಸಿಗಡಿಯಲ್ಲೂ ಇದನ್ನು ಸಾಧಿಸಿದರು. ಮರಿಗಳಿಗಾಗಿ ಸಮುದ್ರವನ್ನು ಕಾಯಬೇಕಾದ ಅಗತ್ಯ ತಪ್ಪಿತು. ಕೊಳಗಳಲ್ಲಿ ಸಿಗಡಿಗಳ ದಟ್ಟಣೆ ಏರಿತು.

ಆದರೆ ನೀರಿನ ಗುಣ ಬದಲಾಗಲಿಲ್ಲ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಮುದ್ರದ ನೀರು ಗಾಳಿಯಿಂದ ಕರಗಿಸಿಕೊಳ್ಳಬಲ್ಲ ಆಕ್ಸಿಜನ್ ಸುಮಾರು 6 ಮಿಲಿಗ್ರಾಂ ಮಾತ್ರ. ರಾತ್ರಿ ಪಾಚಿಗಳೂ ಅದನ್ನು ಬಳಸುತ್ತವೆ. ಉಳಿದ ಆಹಾರ, ಮಲ ಕೊಳೆತು ಅಮೋನಿಯ ಸೇರುತ್ತದೆ. ಇದಕ್ಕೆ ಕಂಡುಕೊಂಡ ಸುಲಭ ಪರಿಹಾರ, ನೀರನ್ನು ಬದಲಾಯಿಸುವುದು. ಒಂದು ಹೆಕ್ಟೇರ್ ವಿಸ್ತಾರದ, ಒಂದು ಮೀಟರ್ ಆಳದ ಕೊಳದಲ್ಲಿ ಒಂದು ಕೋಟಿ ಲೀಟರ್ ನೀರಿರುತ್ತದೆ. ದಿನಕ್ಕೆ ಶೇಕಡ 10ರಷ್ಟು ಬದಲಾಯಿಸಿದರೂ 10 ಲಕ್ಷ ಲೀಟರ್ ಬೇಕು!

ತೈವಾನಿನ ಪಿಂಗ್‌ಟುಂಗ್ ಕರಾವಳಿಯಲ್ಲಿ ಉಪ್ಪಿನಂಶ ತಗ್ಗಿಸಲು ಅಂತರ್ಜಲವನ್ನು ಎಗ್ಗಿಲ್ಲದೆ ಎತ್ತಿದರು. ರಂಧ್ರಗಳಲ್ಲಿನ ನೀರಿನ ಒತ್ತಡ ಕುಗ್ಗಿ ಜೇಡಿಪದರಗಳು ಅದುಮಲ್ಪಟ್ಟವು. ಕೆಲವೆಡೆ ನೆಲ ಎರಡು ಮೀಟರಿಗೂ ಹೆಚ್ಚು ಕುಸಿಯಿತು. ಹೀಗೆ ಕುಸಿದ ನೆಲ ಬಹುಮಟ್ಟಿಗೆ ಮತ್ತೆ ಮೇಲೇಳದು. 1988ರಲ್ಲಿ ರೋಗಗಳಿಂದ ಅಲ್ಲಿನ ಸಿಗಡಿ ಇಳುವರಿಯೂ ಕುಸಿಯಿತು.

ಭಾರತದ ಪೂರ್ವ ಕರಾವಳಿಯಲ್ಲಿ 1994ರ ಹೊತ್ತಿಗೆ ಬಿಳಿಚುಕ್ಕೆ ರೋಗದ ವೈರಸ್ ಹರಡಿತು. ಒಬ್ಬರು ಹೊರಬಿಟ್ಟ ನೀರೇ ನೆರೆಯವರ ಕೊಳಕ್ಕೆ ಬರುತ್ತಿದ್ದ ಕಡೆಗಳಲ್ಲಿ, ನೀರಿನ ಬದಲಾವಣೆಯೇ ರೋಗದ ವಾಹಕವಾಯಿತು. ಕುಡಿಯುವ ನೀರು, ಗದ್ದೆಗಳು ಉಪ್ಪಾದ ದೂರುಗಳು ನ್ಯಾಯಾಲಯ ತಲುಪಿದವು. 1996ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕ ಹಾಗೂ ಸುಧಾರಿತ ಸಾಂಪ್ರದಾಯಿಕ ಕೊಳಗಳನ್ನುಳಿದು ಬೇರೆಲ್ಲವನ್ನೂ ತೆರವುಗೊಳಿಸಲು ಆದೇಶಿಸಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯಿದೆ ಬಂದು, ಸಾಕಣೆ ನೋಂದಣಿಗೆ ಒಳಪಟ್ಟಿತು.

ಇಂದು ಅನೇಕ ಕಡೆ ನೀರನ್ನು ಮೊದಲು ಬೇರೊಂದು ಕೊಳದಲ್ಲಿ ನಿಲ್ಲಿಸಿ, ಕ್ಲೋರಿನ್‌ನಿಂದ ಶುದ್ಧೀಕರಿಸಿ, ನಂತರ ಬಳಸುತ್ತಾರೆ. ತಿರುಗುವ ಚಕ್ರಗಳು ಗಾಳಿಯನ್ನು ನೀರಿಗೆ ಬೆರೆಸುತ್ತವೆ. ನೀರು ಬದಲಾಯಿಸುವುದು ಕಡಿಮೆಯಾಗಿದೆ. ಆದರೆ ಚಕ್ರಗಳಿಗೆ ವಿದ್ಯುತ್ ಬೇಕು. ಕೊಳಕ್ಕೆ ಸುರಿದ ಆಹಾರದ ನೈಟ್ರೊಜನ್ ಸಿಗಡಿಯ ಮೈಯಲ್ಲೋ, ತಳದ ಕೆಸರಿನಲ್ಲೋ, ನೀರಿನಲ್ಲೋ, ಗಾಳಿಯಲ್ಲೋ ಇರಲೇಬೇಕು. ದ್ರವ್ಯ ಸಂರಕ್ಷಣೆಯ ನಿಯಮ ಕೊಳದ ದಂಡೆಗೆ ನಿಲ್ಲುವುದಿಲ್ಲ. ಹೊರಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಲೆಕ್ಕದಿಂದ ಹೊರಗಿಟ್ಟಾಗಲೆಲ್ಲ ಈ ಉದ್ಯಮ ಎಡವಿದೆ.