ಎ. ಲಲಿತಾ: 18ಕ್ಕೇ ವಿಧವೆ, ಮಡಿಲಲ್ಲಿ ಹಸುಗೂಸು, ಆದರೂ ವಿದ್ಯುತ್ ಎಂಜಿನಿಯರ್ ಆದ ಮೊದಲ ಭಾರತೀಯ ಮಹಿಳೆ

ಇಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹುಡುಗಿಯರು ಓದುವುದು ಯಾರಿಗೂ ವಿಶೇಷ ಎನಿಸುವುದಿಲ್ಲ. ಆದರೆ ಸುಮಾರು 85 ವರ್ಷಗಳ ಹಿಂದೆ ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿಗೆ ಯುವತಿಯೊಬ್ಬರು ಸೇರಿದಾಗ ಅಲ್ಲಿದ್ದ ನೂರಾರು ವಿದ್ಯಾರ್ಥಿಗಳ ನಡುವೆ ಹೆಣ್ಣೆಂದರೆ ಅವರೊಬ್ಬರೇ. ಅವರೇ ಅಯ್ಯಲಸೋಮಯಾಜುಲ ಲಲಿತಾ. ಭಾರತದ ಮೊದಲ ಮಹಿಳಾ ಎಂಜಿನಿಯರ್ ಎಂದು ಗುರುತಿಸಲ್ಪಡುವ ಅವರು ಮುಂದೆ ಭಾಕ್ರಾ ನಂಗಲ್‌ನಂತಹ ಬೃಹತ್ ಯೋಜನೆಯ ವಿದ್ಯುತ್ ಕೆಲಸದಲ್ಲೂ ಪಾಲ್ಗೊಂಡರು.

ಬಾಲ್ಯ, ಮದುವೆ ಮತ್ತು ಆಘಾತ

ಲಲಿತಾ ಹುಟ್ಟಿದ್ದು 1919ರ ಆಗಸ್ಟ್ 27ರಂದು, ಮದ್ರಾಸಿನ ಮಧ್ಯಮ ವರ್ಗದ ತೆಲುಗು ಕುಟುಂಬದಲ್ಲಿ. ಏಳು ಮಕ್ಕಳಲ್ಲಿ ಅವರು ಐದನೆಯವರು. ತಂದೆ ಪಪ್ಪು ಸುಬ್ಬರಾವ್ ಗಿಂಡಿ ಕಾಲೇಜಿನಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಅಂದಿನ ರೂಢಿಯಂತೆ 15ನೇ ವಯಸ್ಸಿಗೇ ಲಲಿತಾ ಅವರ ಮದುವೆಯಾಯಿತು. ಆದರೂ ಅವರು ಎಸ್‌ಎಸ್‌ಎಲ್‌ಸಿವರೆಗೆ ಓದಿದರು.

1937ರಲ್ಲಿ ಮಗಳು ಹುಟ್ಟಿದಳು. ಮಗುವಿಗೆ ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಪತಿ ತೀರಿಕೊಂಡರು. ಆಗ ಲಲಿತಾ ಅವರಿಗೆ ಕೇವಲ 18 ವರ್ಷ. ವಿಧವೆಯರನ್ನು ಮನೆಯ ಮೂಲೆಗೆ ಸೇರಿಸುತ್ತಿದ್ದ ಕಾಲವದು. ಲಲಿತಾ ತವರಿಗೆ ಮರಳಿ ಮತ್ತೆ ಪುಸ್ತಕ ಹಿಡಿದರು. ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಪ್ರಥಮ ದರ್ಜೆಯಲ್ಲಿ ಇಂಟರ್‌ಮೀಡಿಯೇಟ್ ಮುಗಿಸಿದರು.

ವೈದ್ಯಕೀಯ ಬಿಟ್ಟು ಎಂಜಿನಿಯರಿಂಗ್ ಏಕೆ?

ವೃತ್ತಿಪರ ಶಿಕ್ಷಣ ಬಯಸುವ ಹೆಣ್ಣುಮಕ್ಕಳಿಗೆ ಆಗ ಇದ್ದ ಪರಿಚಿತ ದಾರಿ ವೈದ್ಯಕೀಯ. ಆದರೆ ವೈದ್ಯರಾದರೆ ನಡುರಾತ್ರಿಯಲ್ಲೂ ಮಗುವನ್ನು ಬಿಟ್ಟು ಹೊರಡಬೇಕು. ಹೊತ್ತಿಗೆ ಸರಿಯಾಗಿ ಮನೆ ಸೇರಬಹುದಾದ ಕೆಲಸ ಲಲಿತಾ ಅವರಿಗೆ ಬೇಕಿತ್ತು. ಜೊತೆಗೆ ಮನೆಯಲ್ಲಿ ತಂದೆಯಷ್ಟೇ ಅಲ್ಲ, ಸೋದರರೂ ಎಂಜಿನಿಯರ್‌ಗಳೇ. ಹೀಗಾಗಿ ಅವರು ಎಂಜಿನಿಯರಿಂಗ್ ಆರಿಸಿಕೊಂಡರು.

ಕಾಲೇಜಿನಲ್ಲಿ ಅಲ್ಲಿಯವರೆಗೆ ಮಹಿಳೆಯರು ಓದಿರಲಿಲ್ಲ. ಸುಬ್ಬರಾವ್ ಅವರು ಪ್ರಾಂಶುಪಾಲ ಕೆ.ಸಿ. ಚಾಕೋ ಹಾಗೂ ಸಾರ್ವಜನಿಕ ಶಿಕ್ಷಣ ನಿರ್ದೇಶಕ ಆರ್.ಎಂ. ಸ್ಟೇಥಮ್ ಅವರ ಮನವೊಲಿಸಿ ಮಗಳಿಗೆ ಅನುಮತಿ ಕೊಡಿಸಿದರು. ಮಗುವನ್ನು ಬಂಧುಗಳ ಆರೈಕೆಯಲ್ಲಿ ಬಿಟ್ಟು ಲಲಿತಾ ಹಾಸ್ಟೆಲ್ ಸೇರಿದರು. ಹಾಸ್ಟೆಲ್‌ನ ಒಂಟಿತನ ಕಾಡತೊಡಗಿದಾಗ ಇನ್ನಷ್ಟು ಹುಡುಗಿಯರಿಗೂ ಪ್ರವೇಶ ನೀಡುವಂತೆ ತಂದೆಯೇ ಒತ್ತಾಯಿಸಿದರು. ಮರುವರ್ಷ ಲೀಲಮ್ಮ ಜಾರ್ಜ್ ಮತ್ತು ಪಿ.ಕೆ. ತ್ರೇಸಿಯಾ ಸಿವಿಲ್ ವಿಭಾಗಕ್ಕೆ ಸೇರಿದರು. ಒಬ್ಬರಿಗಾಗಿ ತೆರೆದ ಬಾಗಿಲು ಹೀಗೆ ಮೂವರಿಗಾಯಿತು. ಈ ತ್ರೇಸಿಯಾ ಅವರೇ ಮುಂದೆ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಹುದ್ದೆಗೇರಿದರು.

ಎರಡನೇ ಮಹಾಯುದ್ಧದ ಕಾರಣ ಕೋರ್ಸ್ ಅವಧಿಯನ್ನು ಕಡಿತಗೊಳಿಸಿದ್ದರಿಂದ 1943ರಲ್ಲಿ ಮೂವರೂ ಒಟ್ಟಿಗೇ ಹೊರಬಂದರು. ಪದವಿ ಪ್ರಮಾಣಪತ್ರದಲ್ಲಿ ‘ಅವನು’ ಎಂಬ ಅರ್ಥದ ಇಂಗ್ಲಿಷ್ ಪದ ಮೊದಲೇ ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ ‘ಅವಳು’ ಎಂದು ಕೈಯಲ್ಲಿ ಬರೆದುಕೊಡಬೇಕಾಯಿತು.

ಜಮಾಲ್‌ಪುರದಿಂದ ಕಲ್ಕತ್ತಾಗೆ

ಬಿಹಾರದ ಜಮಾಲ್‌ಪುರ ರೈಲ್ವೆ ಕಾರ್ಯಾಗಾರದಲ್ಲಿ ಒಂದು ವರ್ಷ ತರಬೇತಿ ಪಡೆದ ಲಲಿತಾ, ಬಳಿಕ ಸಿಮ್ಲಾದ ಕೇಂದ್ರ ಮಾನಕ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಸಹಾಯಕಿಯಾದರು. 1946ರ ಕೊನೆಯಲ್ಲಿ ಆ ಕೆಲಸ ಬಿಟ್ಟು ತಂದೆಯ ಸಂಶೋಧನೆಗೆ ನೆರವಾದರು. ವಿದ್ಯುತ್ ಸಂಗೀತ ವಾದ್ಯ, ಹೊಗೆರಹಿತ ಒಲೆ ಮುಂತಾದವುಗಳ ಮೇಲೆ ತಂದೆ ಆಗ ಕೆಲಸ ಮಾಡುತ್ತಿದ್ದರು. ಆದರೆ ಸಂಸಾರದ ಖರ್ಚಿಗೆ ಸ್ಥಿರ ಆದಾಯ ಬೇಕಿತ್ತು. 1948ರಲ್ಲಿ ಅವರು ಕಲ್ಕತ್ತಾದ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಸೇರಿದರು. ಅದೇ ಊರಿನಲ್ಲಿ ಸೋದರನ ಕುಟುಂಬವಿದ್ದುದು ಮಗಳನ್ನು ಬೆಳೆಸಲು ಅನುಕೂಲವಾಯಿತು.

ಪ್ರಸರಣ ಮಾರ್ಗಗಳ ವಿನ್ಯಾಸ, ಸಬ್‌ಸ್ಟೇಷನ್‌ಗಳ ನಕ್ಷೆ, ರಕ್ಷಣಾ ಸಾಧನಗಳು ಹಾಗೂ ಗುತ್ತಿಗೆಗಳ ನಿರ್ವಹಣೆ ಅವರ ಹೊಣೆಯಾಗಿತ್ತು. ಅಣೆಕಟ್ಟೆಯಲ್ಲಿ ಉತ್ಪಾದನೆಯಾದ ವಿದ್ಯುತ್ ದೂರದ ಊರುಗಳನ್ನು ಸುರಕ್ಷಿತವಾಗಿ ತಲುಪುವುದು ಇಂತಹ ಕೆಲಸದ ಬಲದಿಂದಲೇ. ಮಾರ್ಗದಲ್ಲಿ ಎಲ್ಲಾದರೂ ದೋಷ ಕಂಡರೆ ಆ ಭಾಗದ ಸಂಪರ್ಕವನ್ನು ತಕ್ಷಣ ಕಡಿದು ಉಳಿದ ಜಾಲವನ್ನು ಕಾಪಾಡುವುದು ರಕ್ಷಣಾ ಸಾಧನಗಳ ಕೆಲಸ. ಸಟ್ಲೆಜ್ ನದಿಯ ಮೇಲೆ ಸುಮಾರು 226 ಮೀಟರ್ ಎತ್ತರಕ್ಕೆ ಎದ್ದ ಭಾಕ್ರಾ ಅಣೆಕಟ್ಟೆಯ ಯೋಜನೆ ಅವರ ವೃತ್ತಿಯ ಹೆಸರಾಂತ ಅಧ್ಯಾಯ. ಕಂಪನಿಯನ್ನು ಮುಂದೆ ಜನರಲ್ ಎಲೆಕ್ಟ್ರಿಕ್ ಕಂಪನಿ ವಹಿಸಿಕೊಂಡರೂ 1977ರಲ್ಲಿ ನಿವೃತ್ತಿಯಾಗುವವರೆಗೆ ಲಲಿತಾ ಅಲ್ಲಿಯೇ ಮುಂದುವರಿದರು.

ಜಾಗತಿಕ ಮನ್ನಣೆ

ಲಂಡನ್ನಿನ ವಿದ್ಯುತ್ ಎಂಜಿನಿಯರ್‌ಗಳ ಸಂಸ್ಥೆ 1953ರಲ್ಲಿ ಅವರನ್ನು ಸಹ ಸದಸ್ಯರನ್ನಾಗಿಯೂ 1966ರಲ್ಲಿ ಪೂರ್ಣ ಸದಸ್ಯರನ್ನಾಗಿಯೂ ಮಾಡಿಕೊಂಡಿತು. 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಮಹಿಳಾ ಎಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ನಡೆದಾಗ ಭಾರತದಲ್ಲಿ ಅದರ ಶಾಖೆ ಇರಲಿಲ್ಲ. ಲಲಿತಾ ವೈಯಕ್ತಿಕ ನೆಲೆಯಲ್ಲೇ ಹೋಗಿಬಂದರು. 1967ರ ಕೇಂಬ್ರಿಡ್ಜ್ ಸಮ್ಮೇಳನಕ್ಕೆ ಭಾರತದ ಪ್ರತಿನಿಧಿಯಾಗುವ ಹೊಣೆಯನ್ನೂ ಹೊತ್ತರು.

1979ರ ಅಕ್ಟೋಬರ್ 12ರಂದು, 60ನೇ ವಯಸ್ಸಿನಲ್ಲಿ ಅವರು ನಿಧನರಾದರು. ಅವರು ಮರುಮದುವೆಯಾಗಲಿಲ್ಲ, ಮಗಳ ಪಾಲನೆ ಮತ್ತು ವೃತ್ತಿ ಎರಡನ್ನೂ ಕೊನೆಯವರೆಗೆ ನಿಭಾಯಿಸಿದರು. ಮಗುವನ್ನು ಬಿಟ್ಟಿರಲಾಗದೆ ಆರಿಸಿಕೊಂಡ ವೃತ್ತಿಯಲ್ಲೇ ಮುಂದಿನ ಪೀಳಿಗೆಯ ಹೆಣ್ಣುಮಕ್ಕಳಿಗೆ ದಾರಿಯಾದರು.